ಟಿಪ್ಸ್ ಬೇಡ ಎನ್ನುವ ಊರಿನಲ್ಲಿ

ಜಪಾನಿಗೆ ಹೋಗೋಣ ಅಂತ ಮೊದಲು ಹೇಳಿದ್ದು ನಮ್ಮ ಪಕ್ಕದ ಮನೆಯವರು. ನಾವಿರುವುದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅವರಿಬ್ಬರೂ ಅಲ್ಲೇ ಹುಟ್ಟಿ ಬೆಳೆದವರು. ಗಂಡ ಅಗ್ನಿಶಾಮಕ ದಳದಿಂದ ನಿವೃತ್ತರಾದವರು, ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಹಿಮ ಬಿದ್ದ ದಿನ ನಾವು ಏಳುವ ಮೊದಲೇ ನಮ್ಮ ಮನೆ ಮುಂದಿನ ದಾರಿಯನ್ನೂ ಅವರೇ ಗೋರಿ ಚೊಕ್ಕ ಮಾಡಿರುತ್ತಾರೆ. ಕೆನಡಾ ಬಿಟ್ಟರೆ ಬೇರೆ ದೇಶ ನೋಡಿದವರಲ್ಲ. ನವೆಂಬರಿನಲ್ಲಿ, ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ, ನಾನು, ನನ್ನ ಗಂಡ, ಅವರಿಬ್ಬರು ಟೋಕಿಯೋದಲ್ಲಿ ಇಳಿದೆವು.

ಮೊದಲ ರಾತ್ರಿ ಊಟ ಅಸಾಕುಸದಲ್ಲಿ, ಸೆನ್ಸೋಜಿ ದೇವಸ್ಥಾನದ ಹತ್ತಿರದ ಓಣಿಯ ಒಂದು ಸಣ್ಣ ಉದೋನ್ ಅಂಗಡಿಯಲ್ಲಿ. ದಪ್ಪ ಶಾವಿಗೆ, ಬಿಸಿ ಬಿಸಿ ಸಾರು. ಸಾಮಾನ್ಯವಾಗಿ ಆ ಸಾರಿಗೆ ಮೀನು ಹಾಕಿರುತ್ತಾರೆ, ಶುದ್ಧ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಬಿಲ್ಲಿನ ದುಡ್ಡನ್ನು ಕೈಗೆ ಕೊಡುವ ಹಾಗಿಲ್ಲ. ಕೌಂಟರ್ ಮೇಲೆ ಒಂದು ಪುಟ್ಟ ತಟ್ಟೆ ಇರುತ್ತದೆ, ಅದರಲ್ಲಿ ಇಡಬೇಕು. ಚಿಲ್ಲರೆಯೂ ಅದರಲ್ಲೇ ಬರುತ್ತದೆ. ಅದೆಲ್ಲ ಸಲೀಸಾಗಿ ಮುಗಿಯಿತು. ಹೊರಡುವಾಗ ನಮ್ಮ ನೆರೆಯವರು ಬಟ್ಟಲಿನ ಪಕ್ಕ 1000 ಯೆನ್ ನೋಟೊಂದನ್ನು ಇಟ್ಟು ಬಂದರು.

ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಓಡಿ ಬಂದ ಸದ್ದು. ಬಡಿಸಿದ ಹೆಂಗಸು. ಎರಡೂ ಕೈಯಲ್ಲಿ ನೋಟು ಹಿಡಿದು ತಲೆ ಬಗ್ಗಿಸಿದರು. ಇವರು ನಕ್ಕು ‘ನಿಮಗೇ, ನಿಮಗೇ’ ಅಂತ ಅವರ ಕೈ ಕಡೆಗೆ ತಳ್ಳಿದರು. ಆಕೆ ಇನ್ನೂ ಬಗ್ಗಿದರು. ಇವರು ಮತ್ತೆ ತಳ್ಳಿದರು. ಆಕೆಯ ಮುಖದಲ್ಲಿ ನಗು ಹೋಗಿ ಗಾಬರಿ ಬಂತು. ನಮ್ಮ ಕಡೆ ಬೇಡ ಬೇಡ ಅಂದರೂ ಒತ್ತಾಯ ಮಾಡಿ ಕೊಡುವುದೇ ಮರ್ಯಾದೆ. ಅಲ್ಲಿ ಹಾಗಲ್ಲ. ಬೇಡ ಅಂದರೆ ಬೇಡ. ನನ್ನ ಗಂಡ ನೋಟು ಇಸಿದುಕೊಂಡು ಆಕೆಗೆ ಕೈಮುಗಿದರು, ಆಕೆ ನಿರಾಳವಾಗಿ ಅಂಗಡಿಗೆ ಓಡಿದರು.

ಹೋಟೆಲಿಗೆ ನಡೆಯುವಾಗ ಅವರು ಒಂದೇ ಸಮನೆ ಅದನ್ನೇ ಮಾತಾಡಿದರು. ಅದಕ್ಕೆ ಕಾರಣ ಇದೆ. ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಆ ಅಂಕಿ ಬದಲಾಗಿಲ್ಲ. ಬಹಳಷ್ಟು ರಾಜ್ಯಗಳು ಇನ್ನೂ ಜಾಸ್ತಿ ಕೊಡಿಸುತ್ತವೆ, ಆದರೂ ಬಡಿಸುವವರ ಮನೆ ನಡೆಯುವುದು ಬಹುಪಾಲು ಟಿಪ್ಸ್‌ನಿಂದಲೇ. ಇವರ ಮಗಳು ಕಾಲೇಜು ಓದುವಾಗ ರೆಸ್ಟೋರೆಂಟಿನಲ್ಲಿ ಬಡಿಸುತ್ತಿದ್ದಳು. ಟಿಪ್ಸ್ ಬಿಡದೆ ಎದ್ದು ಹೋಗುವವರನ್ನು ಆ ಮನೆಯಲ್ಲಿ ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಮನೆಯವರಿಗೆ ಮೇಜಿನ ಮೇಲೆ ಏನೂ ಇಡದೆ ಬರುವುದೆಂದರೆ ಕಳ್ಳತನ ಮಾಡಿದ ಹಾಗೆ. ಜಪಾನಿನಲ್ಲಿ ಊಟದ ಬೆಲೆಯಲ್ಲೇ ಎಲ್ಲ ಬಂತು. ಚೆನ್ನಾಗಿ ನೋಡಿಕೊಳ್ಳುವುದು ಅವರ ಕೆಲಸದ ಭಾಗ, ಅದಕ್ಕೆ ಬೇರೆ ದುಡ್ಡು ಅಂದರೆ ಅವರಿಗೆ ಮುಜುಗರ. ಅಮೆರಿಕದವರು ಹೊರದೇಶದಲ್ಲಿ ದುಡ್ಡು ಬಿಸಾಡುತ್ತಾರೆ ಅಂತ ಸುಮ್ನೆ ಆಡಿಕೊಳ್ಳುವವರು ಈ 2.13 ಡಾಲರನ್ನು ನೆನಪಿಟ್ಟುಕೊಳ್ಳಬೇಕು.

ರೈಲಿನದು ಬೇರೆ ಪಾಠ. ಯಾಮಾನೋತೆ ಲೈನ್ ಟೋಕಿಯೋದ ನಡುವೆ ಸುತ್ತು ಹಾಕುವ ರೈಲು. ಬೆಳಿಗ್ಗೆ ಕಿಕ್ಕಿರಿದು ತುಂಬಿರುತ್ತದೆ, ಆದರೆ ಒಳಗೆ ಪಿಸುಮಾತೂ ಅಪರೂಪ. ಮೊಬೈಲ್ ಸೈಲೆಂಟ್‌ನಲ್ಲಿಡಿ, ಫೋನಿನಲ್ಲಿ ಮಾತಾಡಬೇಡಿ ಎಂದು ಮೈಕಿನಲ್ಲಿ ಹೇಳುತ್ತಲೇ ಇರುತ್ತಾರೆ. ಒಹಾಯೋದಲ್ಲಿ ಪಕ್ಕ ನಿಂತವರನ್ನು ಮಾತಾಡಿಸದಿದ್ದರೆ ಗತ್ತು ಅನ್ನುತ್ತಾರೆ. ಟೀಚರಮ್ಮ ಎದುರಿಗಿದ್ದ ತಾಯಿಯನ್ನು ಮಗುವಿಗೆ ಎಷ್ಟು ತಿಂಗಳು ಅಂತ ಕೇಳಿದರು, ಕ್ಲಾಸಿನ ಕೊನೆ ಬೆಂಚಿಗೂ ಕೇಳುವ ದನಿಯಲ್ಲಿ. ಆ ತಾಯಿ ಸಣ್ಣಗೆ ನಕ್ಕು ತಲೆ ತಗ್ಗಿಸಿದಳು. ಯಾರೂ ದುರುಗುಟ್ಟಿ ನೋಡಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಕಷ್ಟ ಇರುವುದೇ ಅಲ್ಲಿ. ನಮ್ಮ ಊರಿನ ಬಸ್ಸಲ್ಲಾದರೆ ‘ಸ್ವಲ್ಪ ಮೆಲ್ಲಗೆ ಮಾತಾಡಿ ಅಮ್ಮ’ ಅಂತ ಯಾರಾದರೂ ಅಂದುಬಿಡುತ್ತಾರೆ, ಅಲ್ವಾ? ಜಪಾನಿನಲ್ಲಿ ಹಾಗೆ ಮುಖಕ್ಕೆ ಹೇಳುವವರಿಲ್ಲ. ಸುತ್ತ ನೋಡಿ ನಾವೇ ತಿಳಿದುಕೊಳ್ಳಬೇಕು. ಆಕೆ ಬುದ್ಧಿವಂತೆ, ಎರಡು ಸ್ಟೇಷನ್ ಕಳೆಯುವಷ್ಟರಲ್ಲಿ ದನಿ ತಾನಾಗಿಯೇ ಇಳಿಯಿತು.

ಕಸದ ಬುಟ್ಟಿ ಹುಡುಕಿದ್ದೂ ಟೋಕಿಯೋದಲ್ಲೇ. 1995ರ ಮಾರ್ಚ್ 20ರಂದು ಅಲ್ಲಿನ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ಟ ಮೇಲೆ ಸ್ಟೇಷನ್‌ಗಳ, ಬೀದಿಗಳ ಬುಟ್ಟಿಗಳನ್ನು ತೆಗೆಸುತ್ತಾ ಬಂದರು. ನಮ್ಮ ನೆರೆಯವರು ತಮ್ಮ ದಳದ ತರಬೇತಿಯಲ್ಲಿ ಆ ದಾಳಿಯ ಬಗ್ಗೆ ಕಲಿತವರು. ಕಾಫಿ ಲೋಟವನ್ನು ಮಡಚಿ ಜೇಬಿಗೆ ಹಾಕಿಕೊಂಡರು, ಗೊಣಗಲಿಲ್ಲ.

ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹತ್ತಿದರೆ ಕ್ಯೋಟೋ ಎರಡೂ ಕಾಲು ಗಂಟೆ ದಾರಿ. ಅಲ್ಲಿ ನಾವು ಉಳಿದದ್ದು ರ್ಯೋಕಾನ್ ಎಂಬ ಹಳೇ ಕಾಲದ ವಸತಿಗೃಹದಲ್ಲಿ. ಬಾಗಿಲಲ್ಲೇ ಶೂ ಬಿಡಬೇಕು. ಅದು ನಮಗೆ ಹೊಸದಲ್ಲ. ಆದರೆ ಒಳಗೆ ಹಾಕಿಕೊಳ್ಳುವ ಚಪ್ಪಲಿಯನ್ನೂ ತತಾಮಿ ಚಾಪೆಯ ಅಂಚಿನಲ್ಲಿ ಬಿಡಬೇಕು. ಟಾಯ್ಲೆಟ್ಟಿಗೆ ಬೇರೆಯದೇ ಚಪ್ಪಲಿ, ಅದು ಅಲ್ಲೇ ಇರಬೇಕು. ನಮ್ಮ ನೆರೆಯವರ ಪಾದ ಯಾವುದರಲ್ಲೂ ಹಿಡಿಸಲಿಲ್ಲ, ಹಿಮ್ಮಡಿ ಅರ್ಧ ಹೊರಗೇ. ಮರುದಿನ ಬೆಳಿಗ್ಗೆ ನೋಡಿದರೆ ನಮ್ಮೆಲ್ಲರ ಶೂಗಳೂ ಮೂತಿ ಬಾಗಿಲ ಕಡೆಗೆ ತಿರುಗಿಸಿ ಸಾಲಾಗಿ ಇಟ್ಟಿದ್ದವು. ಸಂಜೆಯಿಂದ ಟೀಚರಮ್ಮ ತಾವೇ ಹಾಗೆ ತಿರುಗಿಸಿ ಇಡತೊಡಗಿದರು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಅಲ್ಲಿನ ಬಿಸಿನೀರಿನ ಸ್ನಾನದ ಪ್ರಸಂಗ. ಒನ್ಸೆನ್‌ನಲ್ಲಿ ಮೊದಲು ಸಣ್ಣ ಸ್ಟೂಲಿನ ಮೇಲೆ ಕೂತು ಮೈ ಉಜ್ಜಿ ತೊಳೆದುಕೊಂಡು, ಆಮೇಲೆ ಬರಿಮೈಯಲ್ಲಿ ತೊಟ್ಟಿಗೆ ಇಳಿಯಬೇಕು. ನೆರೆಯವರು ನಾಚಿಕೆಯನ್ನೂ ನುಂಗಿಕೊಂಡು ತಯಾರಾಗಿದ್ದರು. ಆದರೆ ತೋಳಿನ ಮೇಲೆ ಹಚ್ಚೆ ಇತ್ತು. ಅಮೆರಿಕದ ಅಗ್ನಿಶಾಮಕ ದಳಗಳ ಗುರುತಾದ ಮಾಲ್ಟೀಸ್ ಕ್ರಾಸ್, ಕೆಳಗೆ ಬೆಂಕಿಯಲ್ಲಿ ತೀರಿಹೋದ ಗೆಳೆಯನ ಹೆಸರು. ಮನೆಯೊಡತಿ ಗೋಡೆಯ ಮೇಲಿನ ಬೋರ್ಡ್ ತೋರಿಸಿದರು: ಹಚ್ಚೆ ಇದ್ದವರಿಗೆ ಪ್ರವೇಶವಿಲ್ಲ. ಜಪಾನಿನಲ್ಲಿ 1872ರಿಂದ 1948ರವರೆಗೆ ಹಚ್ಚೆಗೆ ಕಾನೂನಿನ ನಿಷೇಧವೇ ಇತ್ತು. ನಿಷೇಧ ಹೋದರೂ ಹಚ್ಚೆ ಎಂದರೆ ಯಾಕುಜಾ ರೌಡಿಗಳು ಎಂಬ ಭಯ ಹೋಗಿಲ್ಲ.

ಅವರ ಮುಖ ಕೆಂಪಾಯಿತು. ಫೋನಿನ ಅನುವಾದದ ಆ್ಯಪ್‌ನಲ್ಲಿ ಗೆಳೆಯನ ವಿಷಯ ಹೇಳಿದರು. ಮನೆಯೊಡತಿ ಪೂರ್ತಿ ಓದಿದರು. ಆಮೇಲೆ ಆ ತೋಳಿನ ಕಡೆಗೆ ತಿರುಗಿ, ಸೊಂಟದಿಂದ ಬಗ್ಗಿ, ಬಹಳ ಹೊತ್ತು ನಮಸ್ಕರಿಸಿದರು. ನಿಯಮ ಮಾತ್ರ ಬದಲಾಗಲಿಲ್ಲ. ಒಳಗೆ ಹೋಗಿ ಕುಟುಂಬಕ್ಕೆ ಮಾತ್ರ ಬಿಟ್ಟುಕೊಡುವ ಸಣ್ಣ ಸ್ನಾನದ ಮನೆಯ ಬೀಗದ ಕೈ ತಂದರು, ಅದಕ್ಕೆ ಬಾಡಿಗೆ ಹಿಡಿಯಲಿಲ್ಲ. ಒಬ್ಬರ ಗೌರವ ಇನ್ನೊಬ್ಬರಿಗೆ ಅಡ್ಡ ಬಂದಾಗ ಇದಕ್ಕಿಂತ ಚೆನ್ನಾಗಿ ನಡೆದುಕೊಂಡವರನ್ನು ನಾನು ಕಂಡಿಲ್ಲ.

ಆಕೆಗೆ ಏನಾದರೂ ಕೊಡಲೇಬೇಕು ಅಂತ ಇವರ ಹಟ. ಇಂಥ ಹಳೇ ರ್ಯೋಕಾನ್‌ಗಳಲ್ಲಿ ಕೆಲವು ಅತಿಥಿಗಳು ಪುಟ್ಟ ಲಕೋಟೆಯಲ್ಲಿ ದುಡ್ಡಿಟ್ಟು ಕೊಡುವುದುಂಟು. ಮದುವೆಮನೆಯಲ್ಲಿ ನಾವು ಮುಯ್ಯಿಯನ್ನು ಕವರ್‌ನಲ್ಲಿ ಕೊಡುತ್ತೇವಲ್ಲ, ಅದೇ ಥರ. ಬರಿ ನೋಟು ಕೈಗಿಡುವುದು ಅಲ್ಲಿ ಒರಟುತನ. ಆದರೆ ಇವರಿಗೆ ದುಡ್ಡೇ ಬೇಡವೆನಿಸಿತು. ಹಸಿರು ಕಾಗದದಲ್ಲಿ ಸುತ್ತಿ, ಎರಡು ಕೈಯಲ್ಲಿ ಹಿಡಿದು, ಕೊಲಂಬಸ್‌ನಿಂದ ತಂದಿದ್ದ ಚಾಕಲೇಟ್ ಡಬ್ಬ ಕೊಟ್ಟರು. ಆಕೆ ತಕ್ಷಣ ತೆಗೆದುಕೊಂಡರು.

ಕ್ಯೋಟೋದ ಹಳೇ ಬಡಾವಣೆ ಗಿಯೋನ್‌ಗೆ ಹೋದಾಗ ಸಂಜೆಯಾಗಿತ್ತು. ಕೆಲವು ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರು ಕಾಲಿಡುವ ಹಾಗಿಲ್ಲ, ತಪ್ಪಿದರೆ 10,000 ಯೆನ್ ದಂಡ. ಕೆಲಸಕ್ಕೆ ಹೊರಟ, ಹಾಡು ಕುಣಿತದ ಕಲಾವಿದೆಯರಾದ ಗೇಯ್ಶಾ ಹೆಣ್ಣುಮಕ್ಕಳ ಕಿಮೋನೋ ಎಳೆದು ಫೋಟೋ ತೆಗೆಯುವವರಿಂದ ಬಂದ ನಿಯಮ. ಸರಿಯಾಗಿಯೇ ಮಾಡಿದ್ದಾರೆ.

ಕೊನೆಯ ದಿನ ನೆರೆಯವರು ಕ್ಯೋಟೋದ ಒಂದು ಅಗ್ನಿಶಾಮಕ ಠಾಣೆಯ ಮುಂದೆ ನಿಂತುಬಿಟ್ಟರು. ತಮ್ಮ ದಳದ ಬಟ್ಟೆಯ ಬ್ಯಾಡ್ಜ್ ಜೇಬಲ್ಲಿತ್ತು. ಈ ಸಲ ನಮ್ಮ ಕಡೆ ನೋಡಿ ಕೇಳಲಿಲ್ಲ. ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಚಾಚಿದರು. ಒಳಗಿನ ಹುಡುಗರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಒಬ್ಬ ಓಡಿ ಹೋಗಿ ತಮ್ಮ ಠಾಣೆಯದೊಂದನ್ನು ತಂದುಕೊಟ್ಟ. ಆಮೇಲೆ ಲಾರಿಯ ಪಂಪು, ಏಣಿ, ಹೆಲ್ಮೆಟ್ಟು ಅಂತ ಶುರುವಾಯಿತು, ಒಬ್ಬರ ಮಾತು ಇನ್ನೊಬ್ಬರಿಗೆ ಬಾರದಿದ್ದರೂ. ಅದು ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ. ನಾನು, ಟೀಚರಮ್ಮ ನಿಶಿಕಿ ಮಾರುಕಟ್ಟೆಗೆ ನಡೆದೆವು. ಅಲ್ಲಿ ತಿನ್ನುತ್ತಾ ನಡೆಯಬಾರದು, ಕೊಂಡ ಅಂಗಡಿಯ ಮುಂದೆಯೇ ನಿಂತು ತಿನ್ನಬೇಕು. ಕಡ್ಡಿಗೆ ಸಿಕ್ಕಿಸಿದ ಮೊಟ್ಟೆ ರೋಲ್ ತಿಂದು, ಕಡ್ಡಿಯನ್ನು ಅಂಗಡಿಯವರಿಗೇ ಕೊಟ್ಟು, ಮುಂದಿನ ಅಂಗಡಿಗೆ ಹೋದೆವು.