ಗೋಧಿಯ ತೆನೆ ಸಿಕ್ಕಿಕೊಂಡ ವರ್ಷ

ಮಂಡ್ಯದಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಯೊಂದರಲ್ಲಿ ನಾನು 9 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೃಷಿ ಡಿಪ್ಲೊಮಾ ಓದಿದ್ದೇನೆ. ನಮ್ಮಲ್ಲಿಗೆ ಬರುವವರು ಭತ್ತದವರು, ಕಬ್ಬಿನವರು, ರಾಗಿಯವರು. ಗೋಧಿಗೆ ಅಂತ ಔಷಧಿ ಕೇಳಿಕೊಂಡು ಬಂದವರು ಇಷ್ಟು ವರ್ಷದಲ್ಲಿ ಒಬ್ಬರೇ. ಅವರಿಗೆ ನಾನು ಹೇಳಿದ್ದು ತಪ್ಪಾಯಿತು. ಕೆಲಸದಲ್ಲಿ ಅಷ್ಟು ಕಲಿಸಿದ ತಪ್ಪು ಇನ್ನೊಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಾಂಡವಪುರ ಕಡೆಯ ಯಜಮಾನರು. ಭತ್ತ ಕೊಯ್ದ ಗದ್ದೆಯಲ್ಲಿ 10 ಗುಂಟೆಗೆ ಜವೆ ಗೋಧಿ ಬಿತ್ತಿದ್ದರು. ಅವರ ಸೊಸೆ ವಿಜಯಪುರದ ಕಡೆಯವರು. ಹುಗ್ಗಿ ಮಾಡಲು ತವರಿನ ಗೋಧಿಯೇ ಬೇಕು ಅಂತ ಬೀಜ ತರಿಸಿದ್ದರಂತೆ. ನೀರು ಕೊಟ್ಟಿದ್ದೇ ತಡ, ಅಣ್ಣೆಸೊಪ್ಪು, ಕಾಂಗ್ರೆಸ್ ಗಿಡ, ಹೊನಗೊನ್ನೆ ಎಲ್ಲ ಒಟ್ಟಿಗೆ ಎದ್ದಿದ್ದವು.

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಗೋಧಿ ಹುಲ್ಲಿನ ಜಾತಿ, ಕಳೆಗಳೆಲ್ಲ ಅಗಲ ಎಲೆಯವು. ಹಾಗಾದರೆ 2,4-ಡಿ. 1940ರ ದಶಕದಿಂದ ಇರುವ ಔಷಧಿ, ಅಗಲ ಎಲೆಯದನ್ನು ಕೊಲ್ಲುತ್ತೆ, ಹುಲ್ಲಿನ ಜಾತಿಯನ್ನು ಬಿಡುತ್ತೆ. ಯಾವಾಗ ಹೊಡೆಯಬೇಕು ಅಂತ ಅವರು ಕೇಳಿದರು. ಭತ್ತದವರಿಗೆ ಹೇಳಿ ಹೇಳಿ ಬಾಯಿಗೆ ಬಂದಿದ್ದನ್ನೇ ಹೇಳಿದೆ. "ಕಳೆ ಚಿಕ್ಕದಾಗಿದ್ದಾಗಲೇ ಹೊಡೀರಿ ಯಜಮಾನ್ರೇ. ಎರಡು ವಾರ ಆಯ್ತಲ್ಲ, ನಾಳೆನೇ ಹೊಡೆದುಬಿಡಿ."

ನಾಲ್ಕೇ ದಿನಕ್ಕೆ ಕಳೆಗಳು ತಿರುಚಿಕೊಂಡವು, ಆಮೇಲೆ ಸತ್ತವು. ಗೋಧಿ ಹಸಿರಾಗೇ ಇತ್ತು. ಯಜಮಾನರು ಖುಷಿಯಾಗಿ ಫೋನ್ ಮಾಡಿ ಹೇಳಿದರು. ನಾನೂ ಮರೆತೆ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಮತ್ತೆ ಫೋನ್ ಬಂತು. "ತಮ್ಮ, ಒಂದ್ಸತಿ ಬಂದು ನೋಡ್ಕೊಂಡು ಹೋಗಪ್ಪ. ತೆನೆ ಹೊರಿಕ್ಕೇ ಬರ್ತಿಲ್ಲ ಕಣಪ್ಪ."

ಹೋದೆ. ಬದುವಿನ ಮೇಲಿಂದ ನೋಡಿದರೆ ಏನೂ ಗೊತ್ತಾಗಲಿಲ್ಲ. ಒಳಗೆ ಇಳಿದು ಕುಕ್ಕರಗಾಲಲ್ಲಿ ಕೂತೆ. ಕೆಲವು ಗಿಡಗಳ ಎಲೆ ಬಿಚ್ಚಿಕೊಂಡೇ ಇರಲಿಲ್ಲ, ಈರುಳ್ಳಿ ಎಲೆಯ ಹಾಗೆ ಕೊಳವೆಯಾಗಿ ಸುತ್ತಿಕೊಂಡಿತ್ತು. ತೆನೆಯ ಬುಡ ಹೊರಗೆ ಬಂದಿದೆ, ತುದಿಯ ಮೀಸೆ ಒಳಗೇ ಸಿಕ್ಕಿಕೊಂಡಿದೆ. ಹಾಗಾಗಿ ತೆನೆ ಬಿಲ್ಲಿನಂತೆ ಬಾಗಿತ್ತು. ಒಂದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಕಾಳು ಕಟ್ಟುವ ಗೂಡುಗಳು ಎಡಕ್ಕೊಂದು ಬಲಕ್ಕೊಂದು ಅಂತ ಮೆಟ್ಟಿಲಿನ ಹಾಗೆ ಇರಬೇಕಲ್ಲ, ಇಲ್ಲಿ ಎರಡು ಗೂಡು ಒಂದೇ ಜಾಗದಲ್ಲಿ ಎದುರುಬದುರು ಕೂತಿದ್ದವು. ಅದರ ಕೆಳಗೆ ಬರಿಯ ದಂಟು. ಅಲ್ಲೇ ಕೂತು 20 ತೆನೆ ಬಿಡಿಸಿದೆವು. 7 ಹೀಗೇ ಇದ್ದವು.

ಯಜಮಾನರು ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು. ಅವರು ಬೈಯಲಿಲ್ಲ. "ಬೇಕೂಂತ ಮಾಡಿಲ್ಲ ನೀನು. ಯಾಕಾಯ್ತು ಅಂತ ತಿಳ್ಕೊಂಡು ಬಂದು ಹೇಳು" ಅಂದರು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ಮೇಡಂ ಒಬ್ಬರ ಪರಿಚಯ ನನಗಿತ್ತು. ಫೋಟೊ ಕಳಿಸಿ ಫೋನ್ ಮಾಡಿದೆ. ಯಾವ ಔಷಧಿ, ಎಷ್ಟು ಹೊಡೆಸಿದಿರಿ ಅಂತ ಅವರು ಮೊದಲು ಕೇಳಲಿಲ್ಲ. ಕೇಳಿದ್ದು ಇದನ್ನು: "ಹೊಡೆದಾಗ ಎಷ್ಟು ತೆಂಡೆ ಇದ್ದವು?"

ತೆಂಡೆ ಅಂದರೆ ಬುಡದಿಂದ ಒಡೆದು ಬರುವ ಮರಿ ದಂಟು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ಅವರು ಸುಮಾರು ಒಂದು ಗಂಟೆ ಮಾತಾಡಿದರು. ಗೋಧಿ 2,4-ಡಿಯನ್ನು ತಡೆದುಕೊಳ್ಳುವುದು ಅದರ ಮೇಲೆ ಏನೋ ಕವಚ ಇರುವುದರಿಂದ ಅಲ್ಲ. ಔಷಧಿ ಗೋಧಿಯ ಒಳಗೂ ಹೋಗುತ್ತೆ. 2,4-ಡಿ ಅಂದರೆ ಗಿಡದ ಬೆಳವಣಿಗೆ ನಡೆಸುವ ಹಾರ್ಮೋನಿನ ವೇಷ. ಅಗಲ ಎಲೆಯ ಗಿಡ ಅದನ್ನು ತನ್ನದೇ ಅಂದುಕೊಂಡು ಅಳತೆ ಇಲ್ಲದೆ ಬೆಳೆದು, ತಿರುಚಿಕೊಂಡು ಸಾಯುತ್ತೆ. ಗೋಧಿಯಲ್ಲಿ ಅದು ಅಷ್ಟಾಗಿ ಹರಿದಾಡುವುದಿಲ್ಲ. ಹರಿದಾಡಿದ್ದನ್ನೂ ಗಿಡ ಬೇಗ ನಿಷ್ಕ್ರಿಯ ಮಾಡಿಬಿಡುತ್ತೆ. ಎಳೆ ಗಿಡದಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. ನಮ್ಮ ಕಣ್ಣಿಗೆ ನಾಲ್ಕು ಎಲೆಯ ಪೈರು ಕಾಣುತ್ತಿರುವಾಗ, ಬುಡದಲ್ಲಿ, ಸಾಸಿವೆಗಿಂತ ಸಣ್ಣ ಜಾಗದಲ್ಲಿ, ತೆನೆಯ ಅಚ್ಚು ಮೂಡುತ್ತಿರುತ್ತೆ. ಎಷ್ಟು ಗೂಡು, ಯಾವುದು ಎಲ್ಲಿ ಅಂತ ತೀರ್ಮಾನ ಆಗುವುದೇ ಆಗ. ಆ ಹೊತ್ತಿಗೆ ಸುಳ್ಳು ಹಾರ್ಮೋನ್ ಹೋಗಿ ಬಿದ್ದರೆ ಗಿಡ ಸಾಯುವುದಿಲ್ಲ, ಅಚ್ಚು ಕೆಡುತ್ತೆ. ಅದು ಗೊತ್ತಾಗುವುದು ತೆನೆ ಹೊರಬಂದಾಗ.

ಅದಕ್ಕೇ ಗೋಧಿ ಬೆಳೆಯುವ ಕಡೆ 2,4-ಡಿಯನ್ನು ಬಿತ್ತಿದ 30-35 ದಿನಕ್ಕೆ ಹೊಡೆಯುತ್ತಾರೆ. ತೆಂಡೆ ಚೆನ್ನಾಗಿ ಒಡೆದ ಮೇಲೆ, ದಂಟಿನಲ್ಲಿ ಗಿಣ್ಣು ಏಳುವ ಮೊದಲು. ತಡ ಮಾಡಿದರೆ ಕಾಳು ಜೊಳ್ಳಾಗುವ ಭಯ. ನಮ್ಮ ಕಡೆ ಚಳಿ ಕಡಿಮೆ, ಗೋಧಿ ಬೇಗ ಬೇಗ ಬೆಳೆದುಬಿಡುತ್ತೆ. ದಿನ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ, ಗಿಡ ಕಿತ್ತು ನೋಡಬೇಕು ಅಂದರು.

ನನಗೆ ಆಮೇಲೆ ಈ ವಿಷಯದ ಹುಚ್ಚೇ ಹಿಡಿಯಿತು. ಸಿಕ್ಕಿದ್ದನ್ನೆಲ್ಲ ಓದಿದೆ. ಮೆಟ್‌ಸಲ್ಫ್ಯೂರಾನ್ ಅಂತ ಒಂದು ಕಳೆನಾಶಕ ಇದೆ, ಗೋಧಿಗೆ ಹೆಕ್ಟೇರಿಗೆ ಬರೀ 4 ಗ್ರಾಂ ಮೂಲವಸ್ತು ಸಾಕು. ಗಿಡಕ್ಕೆ ಬೇಕಾದ ಮೂರು ಅಮೈನೋ ಆಮ್ಲಗಳನ್ನು ತಯಾರಿಸುವ ಒಂದು ಕಿಣ್ವವನ್ನು ಅದು ನಿಲ್ಲಿಸುತ್ತೆ. ಆ ಕಿಣ್ವ ಕಳೆಯಲ್ಲೂ ಇದೆ, ಗೋಧಿಯಲ್ಲೂ ಇದೆ. ಆದರೆ ಗೋಧಿ ಆ ಔಷಧಿಯ ಕಣಕ್ಕೆ ಮೊದಲು ಆಮ್ಲಜನಕ ಸೇರಿಸಿ, ಆಮೇಲೆ ಒಂದು ಸಕ್ಕರೆ ಅಂಟಿಸಿ, ಜೀವಕೋಶದ ಮೂಲೆಯ ಚೀಲಕ್ಕೆ ತುಂಬಿ ಇಡುತ್ತೆ. ಈ ಗುಂಪಿನ ಔಷಧಿಗಳನ್ನು ಗೋಧಿ ಕೆಲವೇ ಗಂಟೆಗಳಲ್ಲಿ ಹೀಗೆ ಮುಗಿಸುತ್ತೆ. ಕಳೆಗೆ ಅಷ್ಟು ಬೇಗ ಆಗುವುದಿಲ್ಲ, ಸಾಯುತ್ತೆ. ಇಬ್ಬರೂ ಅದೇ ವಿಷ ಕುಡಿದಿರುತ್ತಾರೆ, ಒಬ್ಬರು ಬೇಗ ಅರಗಿಸಿಕೊಂಡರು, ಅಷ್ಟೇ.

ಅರಗಿಸಿಕೊಳ್ಳುವುದು ಅಂದ ಮೇಲೆ ಶಕ್ತಿ ಬೇಕು ಅಲ್ವಾ? ಬೇರು ನೀರಲ್ಲಿ ನಿಂತು ಹಳದಿಯಾದ ಪೈರು, ಗೊಬ್ಬರ ಕಾಣದ ಪೈರು, ಜಾಸ್ತಿ ಚಳಿಗೆ ಮುದುಡಿದ ಪೈರು ಈ ಕೆಲಸವನ್ನು ನಿಧಾನವಾಗಿ ಮಾಡುತ್ತೆ. ಅದೇ ಬಾಟಲಿ, ಅದೇ ಅಳತೆ, ಆದರೂ ಒಬ್ಬರ ಬೆಳೆ ಸುಟ್ಟ ಹಾಗಾಗಿ ಇನ್ನೊಬ್ಬರದು ಚೆನ್ನಾಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೊದಲೆಲ್ಲ ಅಂಥ ದೂರು ಬಂದರೆ ನೀವು ಜಾಸ್ತಿ ಹಾಕಿರುತ್ತೀರಿ ಅನ್ನುತ್ತಿದ್ದೆ. ಅವರಲ್ಲಿ ಕೆಲವರಿಗಾದರೂ ನಾನು ಅನ್ಯಾಯ ಮಾಡಿದ್ದೇನೆ.

ಹುಲ್ಲು ಕಳೆಗೆ ಗೋಧಿಯಲ್ಲಿ ಹೊಡೆಯುವ ಕ್ಲೋಡಿನಾಫಾಪ್ ಇನ್ನೂ ಆಶ್ಚರ್ಯ. ಅದು ಕೊಲ್ಲುವುದೇ ಹುಲ್ಲಿನ ಜಾತಿಯನ್ನು, ಗೋಧಿಯೂ ಹುಲ್ಲೇ. ಹಾಗಾಗಿ ಅದೇ ಬಾಟಲಿಯಲ್ಲಿ ಇನ್ನೊಂದು ವಸ್ತು ಬೆರೆಸಿರುತ್ತಾರೆ. ಸೇಫ್ನರ್ ಅಂತಾರೆ. ಅದು ಗೋಧಿಯ ಅರಗಿಸುವ ಶಕ್ತಿಯನ್ನು ಎಬ್ಬಿಸುತ್ತೆ, ಕಳೆಯದನ್ನು ಎಬ್ಬಿಸುವುದಿಲ್ಲ. ಪಕ್ಕದಲ್ಲೇ ಇರುವ ಕಾಡು ಓಟ್ಸ್ ಸಾಯುತ್ತೆ, ಗೋಧಿ ಉಳಿಯುತ್ತೆ. ನಮ್ಮ ಭತ್ತದಲ್ಲೂ ಇದು ಇದೆ. ಚೆಲ್ಲು ಭತ್ತಕ್ಕೆ ಕೊಡುವ ಪ್ರೆಟಿಲಾಕ್ಲೋರಿನಲ್ಲಿ ಸೇಫ್ನರ್ ಇರುತ್ತೆ, ನಾಟಿ ಭತ್ತದ್ದರಲ್ಲಿ ಇರುವುದಿಲ್ಲ. ಎರಡರ ಹೆಸರೂ ಒಂದೇ, ಎರಡನ್ನೂ ನಾನು ವರ್ಷಗಟ್ಟಲೆ ಮಾರಿದ್ದೆ. ವ್ಯತ್ಯಾಸ ಏಕೆ ಅಂತ ಯಾರನ್ನೂ ಕೇಳಿರಲಿಲ್ಲ.

ಓದುತ್ತಾ ನನ್ನನ್ನು ಹೆದರಿಸಿದ್ದು ಹರಿಯಾಣದ ಕಥೆ. ಅಲ್ಲಿ ಗೋಧಿಯ ನಡುವೆ ಗುಲ್ಲಿ ಡಂಡಾ ಅನ್ನುವ ಹುಲ್ಲು ಬರುತ್ತೆ, ಎಳೆಯದರಲ್ಲಿ ಥೇಟ್ ಗೋಧಿಯ ಹಾಗೇ. ವರ್ಷ ವರ್ಷವೂ ಐಸೊಪ್ರೊಟ್ಯೂರಾನ್ ಒಂದನ್ನೇ ಹೊಡೆದರು. 1990ರ ದಶಕದ ಆರಂಭದ ಹೊತ್ತಿಗೆ ಆ ಹುಲ್ಲು ಸಾಯುವುದನ್ನೇ ಬಿಟ್ಟಿತು. ಗೋಧಿ ಯಾವ ದಾರಿಯಲ್ಲಿ ಆ ಔಷಧಿಯನ್ನು ಅರಗಿಸುತ್ತಿತ್ತೋ, ಅದೇ ದಾರಿ ಉಳಿದುಕೊಂಡ ಕಳೆಗೂ ಸಿಕ್ಕಿತ್ತು. ಕೆಲವು ಹೊಲಗಳಲ್ಲಿ ಕಳೆ ಎಷ್ಟಿತ್ತೆಂದರೆ ರೈತರು ಹಸಿ ಗೋಧಿಯನ್ನೇ ದನಕ್ಕೆ ಕೊಯ್ದು ಹಾಕಿದರು.

ನಮ್ಮ ನಾಲೆ ಬಯಲಿನಲ್ಲಿ ಈಗ ಭತ್ತಕ್ಕೆ ಎಲ್ಲರೂ ಕೇಳುವುದು ಬಿಸ್ಪೈರಿಬ್ಯಾಕ್ ಅನ್ನುವ ಕಳೆನಾಶಕ. ಎರಡು ಬೆಳೆ ಬೆಳೆಯುವವರು ಎರಡಕ್ಕೂ ಅದನ್ನೇ ಹೊಡೆಯುತ್ತಾರೆ. ಬೇರೆ ಕೊಡಿ ಅಂದವರಿಗೆ ನಾನು ಪೆನಾಕ್ಸುಲಮ್ ಕೊಟ್ಟು, ಬದಲಾಯಿಸಿದೆ ಅಂದುಕೊಳ್ಳುತ್ತಿದ್ದೆ. ಅದು ನಿಲ್ಲಿಸುವುದೂ ಅದೇ ಕಿಣ್ವವನ್ನು. ಬದಲಾಗಿದ್ದು ಬಾಟಲಿಯ ಬಣ್ಣ ಮಾತ್ರ. ಈಗ ಯಾವುದು ಯಾವ ದಾರಿಯಲ್ಲಿ ಕೆಲಸ ಮಾಡುತ್ತೆ ಅಂತ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹುಲ್ಲು ಕಳೆ ಜಾಸ್ತಿ ಇದ್ದರೆ ಒಂದು ಬೆಳೆಗೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಸೈಹ್ಯಾಲೊಫಾಪ್ ಹೇಳುತ್ತೇನೆ, ಸಾಧ್ಯ ಇದ್ದವರಿಗೆ ಕೋನೋವೀಡರ್, ಅಂದರೆ ಸಾಲಿನ ನಡುವೆ ತಳ್ಳುವ ಕಳೆ ಯಂತ್ರ, ಓಡಿಸಿ ಅನ್ನುತ್ತೇನೆ. ಕೆಲವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ.

ಕೌಂಟರಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆಯೂ ಬದಲಾಗಿದೆ. ಯಾವ ಕಳೆ ಅಂತ ಆಮೇಲೆ. ಬೆಳೆ ಯಾವುದು, ಎಷ್ಟು ತೆಂಡೆ, ಬಣ್ಣ ಹೇಗಿದೆ, ನೀರು ನಿಂತಿದೆಯಾ ಅಂತ ಮೊದಲು.

ಯಜಮಾನರಿಗೆ ಇದನ್ನೆಲ್ಲ ಹೋಗಿ ಹೇಳಿ ಬಂದಿದ್ದೆ. ಈ ಸಲವೂ ಗೋಧಿ ಬಿತ್ತಿದ್ದಾರೆ. ಹೋದ ತಿಂಗಳು ಅಂಗಡಿಗೆ ಬಂದವರು ಕೈಚೀಲದಿಂದ ಬಾಳೆ ಎಲೆಯಲ್ಲಿ ಸುತ್ತಿದ ಗೋಧಿ ಗಿಡವೊಂದನ್ನು ತೆಗೆದು ಕೌಂಟರಿನ ಮೇಲೆ ಇಟ್ಟರು. ಬೇರಿನಲ್ಲಿ ಇನ್ನೂ ಹಸಿ ಮಣ್ಣಿತ್ತು. ತಾಯಿ ದಂಟು ಬಿಟ್ಟು ನಾಲ್ಕು ತೆಂಡೆ. ಬುಡವನ್ನು ಬೆರಳ ನಡುವೆ ಹಿಡಿದು ಮೇಲಕ್ಕೆ ಸವರಿದೆ, ಗಿಣ್ಣು ಎದ್ದಿರಲಿಲ್ಲ.

"ಈಗ ಹೊಡಿಬೋದಾ?"

"ಹೊಡೀಬಹುದು ಯಜಮಾನ್ರೇ. ಪಕ್ಕದ ಗದ್ದೇಲಿ ಏನಿದೆ?"

"ಟೊಮ್ಯಾಟೊ. ನಮ್ಮ ಅಣ್ಣಂದು."

2,4-ಡಿ ಗಾಳಿಯಲ್ಲಿ ತೇಲಿ ಹೋದರೂ ಟೊಮ್ಯಾಟೊ ಎಲೆ ಮುದುಡಿಕೊಳ್ಳುತ್ತೆ. ತೆಗೆದ ಬಾಟಲಿಯನ್ನು ಮತ್ತೆ ಶೆಲ್ಫಿಗೆ ಇಟ್ಟೆ. 10 ಗುಂಟೆ ಅಲ್ವಾ, ಮೂರು ಆಳು ಒಂದು ದಿನ ಕೂತು ಕಳೆ ಕಿತ್ತರೆ ಮುಗಿಯುತ್ತೆ ಅಂದೆ.

"ಸೊಸೆನೂ ಹಂಗೇ ಅಂದ್ಲು" ಅಂದರು. ಗಿಡವನ್ನು ಮತ್ತೆ ಬಾಳೆ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.