ಇಳಿಯುವಾಗ ನಗು, ಹತ್ತುವಾಗ ಸಿಟ್ಟು

ನಮ್ಮ ಭಾವನಿಗೆ ಸಿಟ್ಟು ಬರುವುದೇ ಅಪರೂಪ. ನಡುದಾರಿಯಲ್ಲಿ ಟೈರ್ ಪಂಕ್ಚರ್ ಆದರೂ ಜೋಕ್ ಹೊಡೆಯುವ ಮನುಷ್ಯ. ಅಂಥವರು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಆಳದ ಕಮರಿಯೊಳಗೆ, ನಡುಮಧ್ಯಾಹ್ನದ ಬಿಸಿಲಲ್ಲಿ ನನ್ನ ಮೇಲೆ ರೇಗಿಬಿಟ್ಟರು. ಸ್ವಲ್ಪ ನೀರು ಕುಡೀರಿ ಅಂದಿದ್ದೆ, ಅಷ್ಟೇ. "ನಿನ್ನ ಉಪದೇಶ ಸಾಕು ಮಾರಾಯ" ಅಂದರು. ನನಗೂ ಬೇಜಾರಾಯಿತು. ಮುಖ ಊದಿಸಿಕೊಂಡು ಮುಂದೆ ನಡೆದೆ. ಅವತ್ತು ನಾನು ಮಾಡಿದ ದೊಡ್ಡ ತಪ್ಪು ಅದೇ.

ಜೂನ್ ತಿಂಗಳು. ದಕ್ಷಿಣ ಅಂಚಿನಲ್ಲಿ, ಅಂದರೆ ಸುಮಾರು 2,100 ಮೀಟರ್ ಎತ್ತರದಲ್ಲಿ, ಬೆಳಿಗ್ಗೆ ಸ್ವೆಟರ್ ಬೇಕೆನಿಸುವಷ್ಟು ತಂಪಿತ್ತು. ಬ್ರೈಟ್ ಏಂಜಲ್ ಹಾದಿಯಲ್ಲಿ ಹವಾಸುಪಾಯ್ ಗಾರ್ಡನ್ಸ್ ಎಂಬ ಮರಗಳ ತಾಣದ ತನಕ ಇಳಿದು ವಾಪಸ್ ಬರುವುದು ನಮ್ಮ ಯೋಜನೆ. ಒಂದು ಕಡೆಗೆ 7.2 ಕಿಲೋಮೀಟರ್. ಹಾದಿಯ ಶುರುವಿನಲ್ಲೇ ಎಚ್ಚರಿಕೆಯ ಫಲಕವಿತ್ತು. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಒಳಗೆ ನಡೆಯಬೇಡಿ ಅಂತ ಅಲ್ಲಿನವರು ಮತ್ತೆ ಮತ್ತೆ ಹೇಳುತ್ತಾರೆ. ಓದಿದೆವು, ಅದರ ಮುಂದೆ ನಿಂತು ಫೋಟೋನೂ ತೆಗೆಸಿಕೊಂಡೆವು. ಆಮೇಲೆ ಎಂಟೂವರೆಗೆ ನಿಧಾನವಾಗಿ ಹೊರಟೆವು!

ಬೆಟ್ಟ ಹತ್ತಿದವರಿಗೆ ಒಂದು ಅಭ್ಯಾಸ ಇರುತ್ತದೆ. ಮೊದಲು ಹತ್ತುವುದು, ಸುಸ್ತಾದ ಮೇಲೆ ಇಳಿಯುವುದು. ಕ್ಯಾನಿಯನ್‌ನಲ್ಲಿ ಎಲ್ಲ ಉಲ್ಟಾ. ಮೈಯಲ್ಲಿ ಕಸುವಿದ್ದಾಗ ಇಳಿಜಾರು, ಕಸುವು ಮುಗಿದಾಗ ಏರು. ಸಾಲದ್ದಕ್ಕೆ ಪ್ರತಿ 300 ಮೀಟರ್ ಇಳಿದಂತೆ ಸುಮಾರು 3 ಡಿಗ್ರಿ ಸೆಕೆ ಏರುತ್ತದೆ. ಮೇಲೆ ಹಿತವಾದ ಬಿಸಿಲಿದ್ದ ದಿನವೇ ತಳದಲ್ಲಿ, ನೆರಳಿನಲ್ಲೂ, 40 ಡಿಗ್ರಿ ದಾಟಿರಬಹುದು. ಇಳಿಯುವಾಗ ಇದ್ಯಾವುದೂ ತಲೆಗೆ ಹೋಗುವುದಿಲ್ಲ. ಬಂಡೆಗಳು ಬಿಳಿಯಿಂದ ಕೆಂಪಿಗೆ ತಿರುಗುವುದನ್ನು ನೋಡುತ್ತಾ, ಹೇಸರಗತ್ತೆಗಳ ಸಾಲಿಗೆ ದಾರಿ ಬಿಡುತ್ತಾ, ಭಾವನ ಜೋಕಿಗೆ ನಗುತ್ತಾ ಹೋದೆವು. ಅಲ್ಲಿನ ಅಳಿಲುಗಳು ಮಹಾ ಕಿಲಾಡಿಗಳು. ಚೀಲ ಕೆಳಗಿಟ್ಟರೆ ಸಾಕು, ಒಳಗೆ ನುಗ್ಗುತ್ತವೆ. ಕಚ್ಚುತ್ತವೆ ಕೂಡ.

ಗಾರ್ಡನ್ಸ್ ಬಿಟ್ಟಾಗ ಹನ್ನೊಂದೂವರೆ. ಮರಗಳ ನೆರಳು ಮುಗಿದು ರೆಡ್‌ವಾಲ್ ಎಂಬ ಸುಣ್ಣಕಲ್ಲಿನ ಗೋಡೆ ಹತ್ತಬೇಕಿತ್ತು. ಮೇಲಿಂದ ಬಿಸಿಲು, ಪಕ್ಕದಿಂದ ಬಂಡೆಯ ಝಳ. ಆದರೆ ಮೈ ಮಾತ್ರ ಒಣ ಒಣ. ಬೆವರೇ ಬರ್ತಿಲ್ಲ ಅಂದುಕೊಂಡಿದ್ದೆ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆಗಳು ಕಂಡಾಗಲೇ ಗೊತ್ತಾಗಿದ್ದು, ಆ ಒಣ ಗಾಳಿಗೆ ಬೆವರು ಹುಟ್ಟಿದ ಕ್ಷಣವೇ ಆರುತ್ತಿತ್ತು ಅಂತ.

ಭಾವ ಮೊದಲು ಮಾತು ನಿಲ್ಲಿಸಿದರು. ಆಮೇಲೆ ಹಿಂದೆ ಬಿದ್ದರು. ಬಾಟಲಿಯ ಮುಚ್ಚಳ ತಿರುಗಿಸಲು ಹೋಗಿ ಎರಡು ಸಲ ಬೀಳಿಸಿದರು. ಕಾಲು ಎಡವಿತು, ಮೀನಖಂಡ ಹಿಡಿದುಕೊಂಡಿತು. ಆಮೇಲೆ ಆ ರೇಗಾಟ. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವ ಬುದ್ಧಿ ನನಗಿರಲಿಲ್ಲ. ಇವರು ಸುಮ್ನೆ ಮುನಿಸಿಕೊಂಡಿದ್ದಾರೆ ಅಂತಲೇ ಅಂದುಕೊಂಡೆ.

ತ್ರೀ ಮೈಲ್ ರೆಸ್ಟ್‌ಹೌಸ್ ಹತ್ತಿರ ಪಾರ್ಕಿನ ಸ್ವಯಂಸೇವಕಿಯೊಬ್ಬರು ಸಿಕ್ಕರು. ಭಾವನನ್ನು ನೋಡಿದವರೇ ನನ್ನ ಕಡೆ ತಿರುಗಿ ಕೇಳಿದರು: ಇವರು ಯಾವಾಗಲೂ ಹೀಗೇನಾ?

ನಾನು ತಬ್ಬಿಬ್ಬಾದೆ. ಇಲ್ಲ, ಇವರು ಬಾಯಿ ಮುಚ್ಚಿ ಕೂರುವವರೇ ಅಲ್ಲ ಅಂದೆ. ಅಷ್ಟು ಸಾಕಾಯಿತು ಅವರಿಗೆ. ಆಮೇಲೆ ಒಂದೊಂದೇ ಪ್ರಶ್ನೆ. ಎಷ್ಟು ನೀರು ಕುಡಿದಿರಿ? ಏನು ತಿಂದಿರಿ? ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು? ಮಾತ್ರೆ ಏನಾದರೂ? ಭಾವ ಬೆಳಿಗ್ಗೆ ಅಲರ್ಜಿ ಮಾತ್ರೆ ನುಂಗಿದ್ದು ಆಗ ಹೊರಬಂತು. ಅಂಥ ಕೆಲವು ಮಾತ್ರೆಗಳು ಬೆವರನ್ನೇ ಕಡಿಮೆ ಮಾಡುತ್ತವಂತೆ. ಮೂತ್ರದ ಪ್ರಶ್ನೆಗೂ ಕಾರಣವಿತ್ತು. ಏನೂ ತಿನ್ನದೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತದೆ. ಆಗಲೂ ತಲೆನೋವು, ವಾಕರಿಕೆ, ಮಂಕು. ನೋಡಲು ಬಿಸಿಲಿನ ಆಯಾಸದಂತೆಯೇ ಇರುತ್ತದೆ, ಆದರೆ ಅಂಥವರಿಗೆ ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಕುತ್ತು. ಭಾವನದು ಹಾಗಲ್ಲ. ಬೆಳಿಗ್ಗೆಯಿಂದ ಮೂತ್ರಕ್ಕೇ ಹೋಗಿರಲಿಲ್ಲ.

ಇವತ್ತು ಯಾವ ವಾರ, ನಾವು ಎಲ್ಲಿದ್ದೇವೆ ಅಂತ ಕೇಳಿದರು. ಭಾವ ಗೊಣಗುತ್ತಲೇ ಸರಿಯಾಗಿ ಹೇಳಿದರು. ನೇರ ಗೆರೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟರು. ಹಾಗಾದರೆ ಇದು ಹೀಟ್ ಎಕ್ಸಾಶ್ಚನ್, ಅಂದರೆ ಬಿಸಿಲಿನ ಬಳಲಿಕೆ, ಇನ್ನೂ ಜೀವಕ್ಕೆ ಕುತ್ತಾಗುವ ಹೀಟ್‌ಸ್ಟ್ರೋಕ್ ಆಗಿಲ್ಲ ಅಂದರು.

ಅಲ್ಲಿ ಬೇಸಿಗೆಯಲ್ಲಿ ನಲ್ಲಿ ನೀರು ಇರುತ್ತದೆ. ಭಾವನನ್ನು ನೆರಳಲ್ಲಿ ಮಲಗಿಸಿ, ಕಾಲಿನ ಕೆಳಗೆ ಚೀಲ ಇಟ್ಟೆವು. ಶೂ ಕಳಚಿ, ಬೆಲ್ಟ್ ಸಡಿಲಿಸಿದೆವು. ಅಂಗಿ, ಟೋಪಿ, ಕುತ್ತಿಗೆಗೆಲ್ಲ ನೀರು ಸುರಿದೆವು. ನಾನು ನಕ್ಷೆಯಿಂದಲೇ ಗಾಳಿ ಹಾಕಿದೆ. ಆ ನಕ್ಷೆ ಅವತ್ತು ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅದಕ್ಕೇ! ಗುಟುಕು ಗುಟುಕಾಗಿ ನೀರು, ನಡುನಡುವೆ ಉಪ್ಪು ಬಿಸ್ಕತ್ತು. ಹಿಡಿದ ಮೀನಖಂಡವನ್ನು ಮೆಲ್ಲಗೆ ಹಿಗ್ಗಿಸಿದೆವು. ಅರ್ಧ ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ತುರ್ತು ನೆರವು ಕರೆಸುತ್ತೇನೆ ಅಂದಿದ್ದರು ಆಕೆ. ಇಪ್ಪತ್ತೈದು ನಿಮಿಷಕ್ಕೆ ಭಾವನ ಮುಖಕ್ಕೆ ಬಣ್ಣ ಬಂತು.

ಕಾಯುವಾಗ ನಾನು ಕೇಳಿದೆ, ಅವರಿಗೆ ವಾರ ಗೊತ್ತಾಗದಿದ್ದರೆ? ಆಗ ಕತೆಯೇ ಬೇರೆ ಅಂದರು. ದೇಹದೊಳಗಿನ ಬಿಸಿ 40 ಡಿಗ್ರಿ ದಾಟಿ ಮಿದುಳು ತಡವರಿಸುತ್ತಿದೆ ಅಂತ ಅರ್ಥ. ಮಾತು ತೊದಲಬಹುದು, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಹೀಟ್‌ಸ್ಟ್ರೋಕ್ ಆದರೆ ಚರ್ಮ ಒಣಗಿರುತ್ತದೆ ಅಂತ ನಾನು ಓದಿದ್ದೆ. ಅದನ್ನು ನಂಬಿ ಕೂರಬೇಡಿ, ಮೈಮುರಿದು ನಡೆದವರಿಗೆ ಬೆವರು ಸುರಿಯುತ್ತಲೇ ಇರಬಹುದು ಅಂದರು. ತುರ್ತು ನೆರವು ಕರೆದು, ಅದು ಬರುವ ಮೊದಲೇ ತಣಿಸಲು ಶುರು ಮಾಡಬೇಕು. ಸಾಧ್ಯವಿದ್ದರೆ ಕತ್ತಿನವರೆಗೆ ತಣ್ಣೀರಿನಲ್ಲಿ ಕೂರಿಸಬೇಕು. ಇಲ್ಲವಾದರೆ ಇಡೀ ಮೈ ತೋಯಿಸಿ ಗಾಳಿ ಹಾಕಬೇಕು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಬೇಕು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಜ್ವರದ ಮಾತ್ರೆಯಿಂದಲೂ ಉಪಯೋಗವಿಲ್ಲ, ಇದು ಜ್ವರವೇ ಅಲ್ಲ.

ನಾಲ್ಕೂವರೆಗೆ ಹೊರಟೆವು. ಇನ್ನೂ 4.8 ಕಿಲೋಮೀಟರ್, 600 ಮೀಟರ್‌ಗೂ ಜಾಸ್ತಿ ಏರು. ಅಂಗಿ ಒಣಗಿದಾಗೆಲ್ಲ ನೆನೆಸಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು, ಕತ್ತಲಾಗುವ ಹೊತ್ತಿಗೆ ಮೇಲೆ ಬಂದೆವು. ಈ ಸಲ ಭಾವ ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ ಅವರು ಹೇಸರಗತ್ತೆಯ ಮೇಲೆ ಒಂದು ಕೆಟ್ಟ ಜೋಕ್ ಹೇಳಿದರು. ಕೇಳಿ ಜೀವ ಹಗುರಾಯಿತು.

ರಾತ್ರಿ ಮೆಲ್ಲಗೆ ಕೇಳಿದೆ, ಅಷ್ಟು ಸಿಟ್ಟು ಯಾಕೆ ಬಂತು ಭಾವ?

"ಸಿಟ್ಟಾ? ಮುಖ ಊದಿಸಿಕೊಂಡು ಹೋದವನು ನೀನಲ್ವಾ?" ಅಂದರು.