ಎಡಗೈಗೂ ಒಂಚೂರು ಕೆಲ್ಸ ಕೊಡ್ರಿ

ಭಾನುವಾರದಿಂದ ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಇವತ್ತು ಗುರುವಾರ. ಆಫೀಸಿನಲ್ಲಿ ವೋಚರ್‌ಗೆ ಸಹಿ ಹಾಕುವಾಗ, ಬೆಣ್ಣೆ ದೋಸೆ ಮುರಿಯುವಾಗ, ಹಲ್ಲುಜ್ಜುವಾಗ ನನ್ನ ಎಡಗೈ ಕಡೆ ನೋಡುತ್ತೇನೆ. ಪಾಪ, ಸುಮ್ನೆ ಜೋತುಬಿದ್ದಿರುತ್ತದೆ. ಕಾರಿನ ಗೇರ್ ಬದಲಿಸುವುದೊಂದು ಬಿಟ್ಟರೆ ನಲವತ್ತೆರಡು ವರ್ಷದಲ್ಲಿ ಅದಕ್ಕೆ ನಾನು ಹೇಳಿಕೊಳ್ಳುವಂಥ ಕೆಲಸವನ್ನೇ ಕೊಟ್ಟಿಲ್ಲ.

ಮಾತು ಹೇಳಿದವರು ಹರಿಹರದ ಹೊಳೆ ದಂಡೆಯಲ್ಲಿ ಬಲೆ ಬೀಸುವ ಒಬ್ಬ ಅಜ್ಜ. ಹೇಳಿಸಿಕೊಂಡವನು 13 ಅಡಿ ಉದ್ದದ ಗಾಳದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ನಾಲ್ಕು ಥರದ ಲೈನು, ಅಂದರೆ ಗಾಳದ ದಾರ, ಬ್ಯಾಗಿನಲ್ಲಿಟ್ಟುಕೊಂಡು, ತನ್ನ ಕಿವಿಗೆ ತಾನೇ ಹೊಡೆದುಕೊಳ್ಳುತ್ತಿದ್ದ ನಾನು.

ಕೋಲು ಭಾವನದು. ಅಕ್ಕ-ಭಾವ ಸ್ಕಾಟ್ಲೆಂಡಿನಲ್ಲಿದ್ದಾರೆ. ಭಾವ ಒಳ್ಳೆಯವರು. ಆದರೆ ತಮಗೆ ಬೇಡವಾದ ಸಾಮಾನನ್ನು ಉಡುಗೊರೆ ಅಂತ ಕೊಡುವ ಅಭ್ಯಾಸ ಅವರಿಗಿದೆ. ಎರಡು ವರ್ಷದ ಹಿಂದೆ ಬಂದಾಗ ನಾಲ್ಕು ತುಂಡಾಗಿ ಬಿಚ್ಚುವ ಈ ಕೋಲನ್ನು ಕೊಟ್ಟು, 'ನಿಮ್ಮಲ್ಲೂ ಹೊಳೆ ಇದೆಯಲ್ಲ' ಅಂದರು. ಇದೆ, ನಿಜ. ಹೊಳೆ ಇದ್ದವರಿಗೆಲ್ಲ ಇದು ಬರುತ್ತದೆ ಅಂತೇನಿಲ್ಲವಲ್ಲ.

ನಮ್ಮ ಕಡೆಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇದರಲ್ಲಿ ಉಲ್ಟಾ. ತುದಿಯಲ್ಲಿರುವುದು ಪುಕ್ಕ, ನೂಲು ಸುತ್ತಿದ ನೊಣದಂಥ ವಸ್ತು. ಅದಕ್ಕೆ ತೂಕವೇ ಇಲ್ಲ. ತೂಕವೆಲ್ಲ ಲೈನಿನಲ್ಲಿ. ಸಾಮಾನ್ಯವಾಗಿ ಲೈನನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಎಸೆಯುತ್ತಾರೆ. ಹಿಂದೆ ಮರ-ಗಿಡ ಇದ್ದರೆ? ಸ್ಕಾಟ್ಲೆಂಡಿನ ಸ್ಪೇ ಅನ್ನೋ ಹೊಳೆಯ ಜನ ಅದಕ್ಕೊಂದು ದಾರಿ ಹುಡುಕಿಕೊಂಡರು. ಲೈನನ್ನು ಹಿಂದಕ್ಕೆ ಪೂರ್ತಿ ಬಿಡುವುದೇ ಇಲ್ಲ. ಅದರ ತುದಿ ಪಕ್ಕದಲ್ಲಿ ನೀರಿಗೆ ಅಂಟಿಕೊಂಡಿರಬೇಕು, ಅದು ಆಂಕರ್. ಉಳಿದ ಲೈನು ಹಿಂದಕ್ಕೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲಬೇಕು, ಅದು ಡಿ ಲೂಪ್. ಆಗ ಮುಂದಕ್ಕೆ ಬಿಡಬೇಕು. ಹರಿಹರದಲ್ಲಿ ನಾನು ನಿಲ್ಲುವ ಜಾಗದ ಹಿಂದೆ ಬರೀ ಬಳ್ಳಾರಿ ಜಾಲಿ. ಹಾಗಾಗಿ ನನಗೂ ಬೇರೆ ದಾರಿ ಇರಲಿಲ್ಲ.

ಎಸೆತ ಸರಿ ಬೀಳದಿದ್ದಾಗ ನಾನು ಮಾಡಿದ್ದು ಎಲ್ಲ ಗಂಡಸರೂ ಮಾಡುವ ಕೆಲಸ. ಹೊಸ ಸಾಮಾನು ತರಿಸಿದೆ.

ಭಾವ ಕೊಟ್ಟ ಲೈನಿನ ದಪ್ಪ ಭಾಗವೇ, ಅಂದರೆ ಅದರ ಹೆಡ್ಡೇ, 65 ಅಡಿ. ಅದನ್ನು ನೀರಿಂದ ಎತ್ತುವುದಕ್ಕೇ ಪಳಗಿದ ಕೈ ಬೇಕು. ನನಗೆ ಒದ್ದೆ ಹಗ್ಗ ಎಳೆದಂತಾಗುತ್ತಿತ್ತು. ಕೋಲಿನ ಮೇಲೆ 8 ಅಂತ ಬರೆದಿದೆ ಅಂತ 8ನೇ ನಂಬರಿನ ಲೈನು ತರಿಸಿದೆ. ಅಂಗಡಿಯವನು ಫೋನಿನಲ್ಲಿ '8ಕ್ಕೆ 8 ಹೊಂದುತ್ತೆ ಸರ್' ಅಂದ. ಬೀಸಿದರೆ ಕೋಲು ಬಾಗಲೇ ಇಲ್ಲ. ಬೆತ್ತಕ್ಕೆ ಟ್ವೈನ್ ದಾರ ಕಟ್ಟಿದಂತೆ.

ದಾವಣಗೆರೆಯ ಚೌಕಿಪೇಟೆಯಲ್ಲಿ ಬಂಗಾರದಂಗಡಿ ಇಟ್ಟಿರುವ ಗೆಳೆಯನ ಹತ್ತಿರ ಹೋದೆ. ಜಿಪುಣ, ಆದರೆ ತೂಕದಲ್ಲಿ ಮೋಸವಿಲ್ಲ. ಅವನ ತಕ್ಕಡಿಯಲ್ಲಿ ಆ ಲೈನಿನ ಮೊದಲ 30 ಅಡಿ ಇಟ್ಟೆವು. ಹದಿಮೂರುವರೆ ಗ್ರಾಂ ಚಿಲ್ಲರೆ. ಈ ಲೈನುಗಳ ಲೆಕ್ಕ ಗ್ರೇನಿನಲ್ಲಿ, ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಅಂದರೆ ನಾನು ತರಿಸಿದ್ದು 210 ಗ್ರೇನ್. ನನ್ನ ಕೋಲಿಗೆ ಬೇಕಾದದ್ದು 500ಕ್ಕೂ ಜಾಸ್ತಿ. ಒಂದು ಕೈಯ ಕೋಲಿನ 8 ಬೇರೆ, ಎರಡು ಕೈಯ ಕೋಲಿನ 8 ಬೇರೆ! ನಂಬರ್ ನೋಡಬಾರದು, ಗ್ರೇನ್ ನೋಡಬೇಕು. ಇದನ್ನು ಭಾವ ಮೊದಲೇ ಹೇಳಬಹುದಿತ್ತು. 'ನೀನು ಕೇಳಲೇ ಇಲ್ವಲ್ಲೋ' ಅಂದರು.

ಆಮೇಲೆ ಸ್ಕ್ಯಾಗಿಟ್ ಹೆಡ್ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಒಂದು ಹೊಳೆಯ ಹೆಸರು ಅದು. 24 ಅಡಿ ಅಷ್ಟೇ, ಆದರೆ 570 ಗ್ರೇನ್. ತಕ್ಕಡಿಯಲ್ಲಿ 37 ಗ್ರಾಂ. ಗೆಳೆಯ ಮುಟ್ಟಿ ನೋಡಿ, 'ಮೂರು ತೊಲಿ ಮ್ಯಾಲೆ ಐತಲ್ಲೋ, ಬಂಗಾರನಾರ ತಗೋಬಾರದಾ' ಅಂದ. ಖುಷಿಯಿಂದ ಹೊಳೆಗೆ ಹೋದರೆ ಪ್ರತಿ ಎಸೆತಕ್ಕೂ ಫಟ್ ಅಂತ ಚಾಟಿ ಸದ್ದು. ಆಂಕರ್ ನೀರಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸ್ಕ್ಯಾಗಿಟ್ ಹೆಡ್ಡಿನ ಮುಂದೆ ಇನ್ನೂ ಹತ್ತು ಹನ್ನೆರಡು ಅಡಿಯ ಟಿಪ್ ಅನ್ನೋ ತುದಿ ಲೈನು ಕಟ್ಟಬೇಕು, ಅದು ನೀರನ್ನು ಹಿಡಿಯುತ್ತದೆ ಅನ್ನುವುದು ಒಂದು ತಿಂಗಳು ಕಳೆದ ಮೇಲೆ ತಿಳಿಯಿತು. ಕೊನೆಗೆ ಬಂದದ್ದು ಸ್ಕ್ಯಾಂಡಿ ಅನ್ನೋ ಇನ್ನೊಂದು ಥರದ ಹೆಡ್. 520 ಗ್ರೇನ್, 38 ಅಡಿ, ಮುಂದಕ್ಕೆ ಹೋದಂತೆ ಸಣ್ಣಗಾಗುತ್ತದೆ. ಸ್ಕ್ಯಾಗಿಟ್ ಎತ್ತಿನ ಗಾಡಿ. ಭಾರ ಹೇರಿದರೂ, ಕೆಸರಿದ್ದರೂ ನಿಧಾನಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ಕ್ಯಾಂಡಿ ಸೈಕಲ್. ಬ್ಯಾಲೆನ್ಸ್ ಇದ್ದರೆ ಹಗುರ, ಇಲ್ಲದಿದ್ದರೆ ಮೊಣಕಾಲು ಕೆತ್ತುತ್ತದೆ.

ಇಷ್ಟೆಲ್ಲ ಆಗಿ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಸ್ಕ್ಯಾಂಡಿ ಹಾಕಿಕೊಂಡು ನಿಂತಿದ್ದೆ. ನಾನು ಕಲಿಯುವಾಗ ಕೊಕ್ಕೆ ಕಟ್ಟುವುದಿಲ್ಲ. ತುದಿಗೆ ಕೆಂಪು ಉಲ್ಲನ್ ತುಂಡು ಅಷ್ಟೇ. ವಾಕಿಂಗ್ ಬರುವವರೆಲ್ಲ 'ಮೀನು ಬಿತ್ತಾ' ಅಂತ ಕೇಳುತ್ತಾರೆ. ಇಬ್ಬರು ಹುಡುಗರು ರೀಲ್ಸ್ ಮಾಡಿಕೊಂಡು ಹೋದರು. ಈಗಿನ ಹುಡುಗರಿಗೆ ಕೇಳುವ ಅಭ್ಯಾಸವೇ ಇಲ್ಲ.

ಅಜ್ಜ ಅಲ್ಲೇ ಬಂಡೆ ಮೇಲೆ ಬಲೆ ಒಣಗಲು ಹಾಕಿ ಕೂತಿದ್ದರು. ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು ಉಲ್ಲನ್ ತುಂಡನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

'ಮುಳ್ಳೆಲ್ಲಿ ಸಾರ್?'

'ಇಲ್ಲ ಅಜ್ಜ. ಪ್ರಾಕ್ಟೀಸು.'

'ಮೀನಿಗಾ, ನಿಮಗಾ?'

ನಾನು ನಕ್ಕೆ. ಅವರು ನಗಲಿಲ್ಲ. ಇನ್ನೊಂದು ಎಸೆತ ಎಸೆದೆ. ಲೈನು ಗಾಳಿಯಲ್ಲೇ ಮುದುಡಿ ಹತ್ತಡಿ ಆಚೆ ನೂಡಲ್ಸ್ ಥರ ಬಿತ್ತು. ಮತ್ತೊಂದು ಎಸೆದೆ. ಉಲ್ಲನ್ ಬಂದು ಬಲಗಿವಿಗೆ ಬಡಿಯಿತು. ಆಗ ಹೇಳಿದರು:

'ಎಡಗೈಗೂ ಒಂಚೂರು ಕೆಲ್ಸ ಕೊಡ್ರಿ ಸಾರ್. ಸುಮ್ನೆ ಕುಂತೈತಿ ಅದು.'

ಅಷ್ಟೇ. ಬಲೆ ಮಡಚಿಕೊಂಡು ಕೆಳಗಿನ ಮಡುವಿನ ಕಡೆ ಹೊರಟುಬಿಟ್ಟರು.

ನನಗೆ ಸಿಟ್ಟು ಬಂತು. ಅವರೇನು ಈ ಕೋಲು ಕಂಡವರಾ? ಆದರೂ ಯಾರೂ ನೋಡುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಮಾಡಿ ನೋಡಿದೆ. ಬಲಗೈ ಮೇಲೆ, ಎಡಗೈ ಕೋಲಿನ ಬುಡದಲ್ಲಿ. ಬಲಗೈಯಲ್ಲಿ ಮೂರೇ ಬೆರಳು ಇಟ್ಟು, ಎಡಗೈಯನ್ನು ಹೊಟ್ಟೆ ಕಡೆಗೆ ಎಳೆದೆ. ಲೈನು ಸುಯ್ ಅಂತ ಬಿಚ್ಚಿಕೊಂಡು ಹತ್ತು ಹನ್ನೆರಡು ಮಾರು ಹೋಗಿ ಮೆತ್ತಗೆ ಮಲಗಿತು. ನಾನೇ ಎಸೆದೆನಾ ಅಂತ ಹಿಂದೆ ತಿರುಗಿ ನೋಡಿದೆ.

ಇದು ಮಂತ್ರವೇನಲ್ಲ. ಬಲಗೈ ನೂಕಿದರೆ ಕೋಲಿನ ತುದಿ ಕಮಾನಿನಂತೆ ಕೆಳಕ್ಕೆ ಬಾಗಿಕೊಂಡು ಹೋಗುತ್ತದೆ, ಲೈನೂ ಅದರ ಹಿಂದೆಯೇ ಹೋಗಿ ಗುಡ್ಡೆ ಬೀಳುತ್ತದೆ. ಬಲಗೈ ಬಾಗಿಲ ತಿರುಗಣಿ ಥರ ನಿಂತು, ಎಡಗೈ ಬುಡವನ್ನು ಒಂದು ಗೇಣು ಎಳೆದರೆ ಸಾಕು. ಅಲ್ಲಿ ತುದಿ ಅಡಿಗಟ್ಟಲೆ ಓಡುತ್ತದೆ, ಹೆಚ್ಚು ಕಡಿಮೆ ನೇರವಾಗಿ ಓಡುತ್ತದೆ. ಸ್ವೀಡನ್ನಿನ ಗೋರಾನ್ ಆಂಡರ್ಸನ್ ಹೆಸರು ಮಾಡಿದ್ದೇ ಈ ಕೆಳಗೈ ಎಸೆತದಿಂದ. ಇದನ್ನೆಲ್ಲ ನಾನು ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ, ಅಷ್ಟೇ.

ಕೆಳಗಿನ ಮಡುವಿನಲ್ಲಿ ಅಜ್ಜ ಬಲೆ ಬೀಸುವುದು ಕಾಣುತ್ತಿತ್ತು. ಹಗ್ಗ ಎಡ ಮಣಿಕಟ್ಟಿಗೆ, ಬಲೆಯ ಒಂದು ಮಡಿಕೆ ಎಡ ಮೊಣಕೈ ಮೇಲೆ, ಅಂಚು ಹಲ್ಲಿನಲ್ಲಿ, ಉಳಿದದ್ದು ಬಲಗೈಯಲ್ಲಿ. ಸೊಂಟ ತಿರುಗಿತು, ಬಲೆ ತಟ್ಟೆಯಂತೆ ಅರಳಿ ಬಿತ್ತು. ಅದರಲ್ಲಿ ಯಾವ ಕೈ ಎಸೆಯಿತು ಅಂತ ಈಗಲೂ ನನಗೆ ಹೇಳಲು ಬರುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಇನ್ನೊಂದು ಹೊಳೆಯಿತು. ಅವರು ಹೇಳಿದ್ದು ಅದಲ್ಲವೇನೋ. ಹರಿಹರದ ದಂಡೆಯಲ್ಲಿ ಹೊಳೆಗೆ ಮುಖ ಮಾಡಿ ನಿಂತರೆ ನೀರು ಎಡದಿಂದ ಬಲಕ್ಕೆ ಹರಿಯುತ್ತದೆ. ಸ್ಪೇ ಹೊಳೆಯವರ ಎಸೆತಗಳಲ್ಲಿ ನನಗೆ ಬರುವುದು ಡಬಲ್ ಸ್ಪೇ ಅನ್ನೋದು ಒಂದೇ. ಅದರ ಡಿ ಲೂಪ್ ಹರಿವಿನ ಕಡೆ, ಅಂದರೆ ಬಲಗಡೆ. ಭಾನುವಾರ ಗಾಳಿ ಬರುತ್ತಿದ್ದದ್ದೂ ಬಲಗಡೆಯಿಂದಲೇ. ಗಾಳಿ ಲೂಪನ್ನು ತಳ್ಳಿಕೊಂಡು ಬಂದು ನನ್ನ ಕಿವಿಗೆ ಒಪ್ಪಿಸುತ್ತಿತ್ತು. ಕೊಕ್ಕೆ ಇದ್ದಿದ್ದರೆ ಆಸ್ಪತ್ರೆ! ಅಂಥ ಗಾಳಿಗೆ ಲೂಪನ್ನು ಎಡಗಡೆ ಕಟ್ಟಬೇಕು. ಅಂದರೆ ಎಡಗೈ ಮೇಲೆ, ಬಲಗೈ ಬುಡಕ್ಕೆ. ಅಜ್ಜ ಗಾಳಿ ನೋಡಿಯೇ ಹೇಳಿರಬೇಕು. ಹೊಳೆಯಲ್ಲೇ ಬೆಳೆದವರಿಗೆ ಅದು ಕಾಣದೇ ಇರುತ್ತದಾ?

ಸೋಮವಾರ ಸಂಜೆ ತಾರಸಿ ಮೇಲೆ ಕೈ ಬದಲಿಸಿ ನೋಡಿದೆ. ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ ಅ ತಿದ್ದಿದಂತಿತ್ತು. ಹಾಗಂದುಕೊಂಡಿದ್ದೇ ತಪ್ಪಾಯಿತು. ಶನಿವಾರದ ನೆನಪು ಬಂತು.

ಶನಿವಾರ ನೆಂಟರ ಗೃಹಪ್ರವೇಶ. ನನ್ನ ಮಗಳಿಗೆ ಏಳು ವರ್ಷ, ಎಡಚಿ. ಪ್ರಸಾದಕ್ಕೆ ಎಡಗೈ ಚಾಚಿದಳು. ಹಿರಿಯರೊಬ್ಬರು ನನ್ನ ಮುಖ ನೋಡಿದರು. ಅವರು ಏನೂ ಅನ್ನಲಿಲ್ಲ, ಸುಮ್ನೆ ನೋಡಿದರು. ನಾನು ಎಲ್ಲರೆದುರು ಅವಳ ಕೈಗೆ ಒಂದು ಏಟು ಹಾಕಿದೆ. ಜೋರಾಗೇನಲ್ಲ. ಆದರೆ ಅವಳು ಅಳಲಿಲ್ಲ ಅನ್ನುವುದೇ ಈಗ ಕಷ್ಟವಾಗುತ್ತಿದೆ. ಅಭ್ಯಾಸ ಇದ್ದವಳಂತೆ ಕೈ ಬದಲಿಸಿದಳು. ನಮ್ಮಮ್ಮನೂ ಎಡಚಿಯಂತೆ. ಅಜ್ಜಿ ಬಡಿದು ಬಡಿದು ಬಲಗೈಗೆ ತಂದರು ಅಂತ ಅಮ್ಮನೇ ನಗುತ್ತಾ ಹೇಳುತ್ತಾರೆ. ಈಗಲೂ ಹೂ ಕಟ್ಟುವಾಗ ಮಾತ್ರ ಅಮ್ಮನ ಎಡಗೈ ಮುಂದೆ ಓಡುತ್ತದೆ.

ಹೊಳೆಯಿಂದ ಕೂಗಳತೆಯಲ್ಲಿ ಹರಿಹರೇಶ್ವರನ ಗುಡಿ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಬಲ ಅರ್ಧ ಹರ, ಎಡ ಅರ್ಧ ಹರಿ. ಎಡಗಡೆ ದೇವರನ್ನೇ ನಿಲ್ಲಿಸಿ ಕೈಮುಗಿಯುವ ಊರು. ಅಲ್ಲಿ ಕೈಮುಗಿದು ಬಂದು ನಾವು ಏಳು ವರ್ಷದ ಮಗುವಿನ ಎಡಗೈಗೆ ಹೊಡೆಯುತ್ತೇವೆ.

ಸೋಮವಾರ ರಾತ್ರಿ ಊಟಕ್ಕೆ ಕೂತಾಗ ನಾನು ಏನೂ ಮಾತಾಡಲಿಲ್ಲ. ಅವಳು ಎಡಗೈಯಲ್ಲಿ ಅನ್ನ ಕಲಸಲು ಶುರು ಮಾಡಿದಳು. ಒಂದು ಸಲ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಬಲಗೈಗೆ ಬದಲಿಸಿಕೊಂಡಳು. 'ಇರಲಿ ಪುಟ್ಟಿ, ಅದರಲ್ಲೇ ಉಣ್ಣು' ಅಂದೆ. ನಂಬಲಿಲ್ಲ. ಬಲಗೈಯಲ್ಲೇ ಉಂಡು ಎದ್ದಳು.

ತಡೆಯಲಾರದೆ ನಿನ್ನೆ ಅರ್ಧ ದಿನ ರಜೆ ಹಾಕಿ ಹರಿಹರಕ್ಕೆ ಹೋದೆ. ಅಜ್ಜ ಅದೇ ಬಂಡೆ ಮೇಲೆ ಜಿಲೇಬಿ ಮೀನನ್ನು ಬುಟ್ಟಿಗೆ ಹಾಕುತ್ತಿದ್ದರು.

'ಅಜ್ಜ, ಮೊನ್ನೆ ಎಡಗೈಗೆ ಕೆಲಸ ಕೊಡ್ರಿ ಅಂದ್ರಲ್ಲ. ಕೆಳಗೆ ಎಳೀರಿ ಅಂತಾನಾ, ಕೈ ಬದಲಿಸ್ರಿ ಅಂತಾನಾ?'

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು.

'ನಾನಂದ್ನಾ? ಇರಬೌದು ಬಿಡ್ರಿ.' ಬುಟ್ಟಿ ಎತ್ತಿ ತಲೆ ಮೇಲಿಟ್ಟುಕೊಂಡರು. 'ಇವತ್ತಾರ ಮುಳ್ಳು ತಂದೀರಾ ಇಲ್ಲಾ?'